ಇಬ್ಬರ ಮನೆಗೆ ತೊಂಬತ್ತೆರಡು ಕಾಯಿ

ನಮ್ಮ ದೇಶದಲ್ಲಿ ಒಬ್ಬೊಬ್ಬರ ಹೊಟ್ಟೆಗೆ ತೆಂಗಿನಕಾಯಿಯಿಂದ ದಿನಕ್ಕೆ ಎಷ್ಟು ಕೊಬ್ಬು ಸೇರುತ್ತದೆ, ಅದು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಲೆಕ್ಕ ಇಡುತ್ತಾರಂತೆ. ಈ ವರ್ಷ ಅದು ಸ್ವಲ್ಪ ಏರಿದ್ದು ಕಂಡರೆ ಯಾರೂ ಗಾಬರಿಯಾಗಬೇಡಿ. ಅದರಲ್ಲಿ ಯಲಹಂಕದ ಪಕ್ಕದ ಕೋಗಿಲಿನ ನಮ್ಮ ಮನೆಯ ಪಾಲೂ ಇದೆ.

ನಾಲ್ಕು ವರ್ಷದ ಕೆಳಗೆ ನಮ್ಮ ಯಜಮಾನರಿಗೆ ಎದೆನೋವು ಬಂದು, ಆಸ್ಪತ್ರೆಯಿಂದ ವಾಪಸ್ ಬಂದ ದಿನವೇ ನಮ್ಮ ಅಡುಗೆಮನೆಯಿಂದ ಕಾಯಿ ಆಚೆ ಹೋಯಿತು. ಹಿತ್ತಲಿನಲ್ಲಿ ಒಂದು ತೆಂಗಿನಮರವಿದೆ, ಸುತ್ತಲಿನ ಹೊಲವೆಲ್ಲ ಲೇಔಟ್ ಆದಾಗ ಉಳಿದುಕೊಂಡದ್ದು. ಅದಕ್ಕೆ ಡಾಕ್ಟರ ಮಾತು ತಲುಪಲಿಲ್ಲ, ಬಿಡುತ್ತಲೇ ಇತ್ತು. ಕಾಯಿಯನ್ನೆಲ್ಲ ಎದುರಿನ ಅಪಾರ್ಟ್‌ಮೆಂಟಿನವರಿಗೆ ಹಂಚಿದೆ. ತುರಿಯುವ ಈಳಿಗೆಮಣೆಯನ್ನು ಅಟ್ಟಕ್ಕೆ ಹಾಕಿದೆ. ಕಾಯಿಯ ಬದಲು ಹುರಿಗಡಲೆ ರುಬ್ಬಿ ಸಾರು ಮಾಡಲು ಕಲಿತೆ.

"ಗೋಡೆಗೆ ಬಳಿಯಕ್ಕೆ ಚೆನ್ನಾಗೈತೆ," ಎಂದರು ಅತ್ತೆ. ಎಂಬತ್ತು ದಾಟಿದ್ದಾರೆ, ನಾಲಿಗೆಗೆ ಮಾತ್ರ ವಯಸ್ಸಾಗಿಲ್ಲ. "ಬೆಕ್ಕಿಗೂ ಇಂಗೆ ಆಕಲ್ಲ ಕಣೇ. ನನ್ ಮಗ ಏನ್ ತಪ್ ಮಾಡಿದ್ದ?"

"ಚೆನ್ನಾಗೈತೆ ಬಿಡವ್ವ," ಎನ್ನುತ್ತಿದ್ದರು ಇವರು. ತಲೆ ಬಗ್ಗಿಸಿ ಉಣ್ಣುತ್ತಿದ್ದರು.

ನಾನು ನಂಬುತ್ತಿರಲಿಲ್ಲ. ಕಾಯಿ ಚಟ್ನಿ ಇಲ್ಲದೆ ತಟ್ಟೆ ಮುಂದೆ ಕೂರದಿದ್ದ ಮನುಷ್ಯ ಇಷ್ಟು ಸುಮ್ಮನೆ ತಿನ್ನುವುದುಂಟೆ? ಅವರಿಗೆ ಯಶವಂತಪುರದ ಒಂದು ವರ್ಕ್‌ಶಾಪಿನಲ್ಲಿ ಕೆಲಸ. ಬೆಳಿಗ್ಗೆ ಯಲಹಂಕದಲ್ಲಿ ಬಸ್ಸು ಬದಲಾಯಿಸುವಾಗ ಅಲ್ಲಿನ ಒಂದು ದರ್ಶಿನಿಯಲ್ಲಿ ತಿಂಡಿ. ಅಲ್ಲಿ ಚಟ್ನಿ ಹೊಡೆಯುತ್ತಾರೆ ಎಂದು ನನಗೆ ಗ್ಯಾರಂಟಿ ಇತ್ತು. ಒಗೆಯುವ ಮುಂಚೆ ಅವರ ಅಂಗಿ ಮೂಸುತ್ತಿದ್ದೆ. ಒಮ್ಮೆ ಎದೆಯ ಹತ್ತಿರ ಬಿಳಿ ಕಲೆ ಸಿಕ್ಕಿತು.

"ಇದೇನು?"

"ಮಜ್ಜಿಗೆ ಕಣೇ."

"ನಾನೇನ್ ಚಿಕ್ಕ ಮಗುವಾ?" ಎಂದೆ. ಅವರು ನಕ್ಕರು. ಎರಡು ದಿನ ನಾನು ಸರಿಯಾಗಿ ಮಾತಾಡಲಿಲ್ಲ.

ಅವರು ಹೋದದ್ದು ಒಂದು ಸೋಮವಾರ, ಕೆಲಸಕ್ಕೆ ಹೊರಟು ಶೂ ಕಟ್ಟಿಕೊಳ್ಳುತ್ತ ಕೂತಲ್ಲೇ.

ನಮ್ಮಲ್ಲಿ ಮೂರನೇ ದಿನ ಹಾಲು ತುಪ್ಪ. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಸಮಾಧಿಯ ಮುಂದೆ ಎಡೆ ಇಡಬೇಕು. ಏನೇನು ಇಷ್ಟ ಎಂದು ನೆಂಟರ ಹೆಂಗಸರು ಕೇಳಿದರು. ಅತ್ತೆ ನನ್ನ ಕಡೆ ನೋಡದೆ ಒಂದೊಂದೇ ಹೇಳಿದರು. ಚಟ್ನಿ, ಕಾಯೊಬ್ಬಟ್ಟು, ಕಾಯಿ ಹಾಕಿದ ಹುರುಳಿಕಾಯಿ ಪಲ್ಯ. ಈಳಿಗೆಮಣೆ ಅಟ್ಟದಿಂದ ಇಳಿಯಿತು. ನಾಲ್ಕು ವರ್ಷ ತಟ್ಟೆಗೆ ಹಾಕದೆ ಕಾಪಾಡಿದ್ದನ್ನು ಹಸಿ ಮಣ್ಣಿನ ಮುಂದೆ ಬಾಳೆಲೆ ತುಂಬ ಬಡಿಸಿದೆ. ಇನ್ನು ಅವರ ಎದೆಗೆ ಯಾವ ಅಪಾಯವೂ ಇರಲಿಲ್ಲ. ಹನ್ನೊಂದನೇ ದಿನ ಊರಿನವರಿಗೆಲ್ಲ ಊಟ. ಅಡುಗೆಯವರು ಎಂಬತ್ತು ಕಾಯಿ ಒಡೆದರು.

ಇದೆಲ್ಲ ಮುಗಿದು ಒಂದು ವಾರವಾಗಿತ್ತು. ಸರ್ವೆಯವಳು ಬಂದಳು. ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬು, ಒಳ್ಳೆಯ ಹೆಣ್ಣುಮಗಳು.

"ಆಂಟಿ, ಕಳೆದ ಮೂವತ್ತು ದಿನದಲ್ಲಿ ಮನೇಲಿ ಏನೇನ್ ತಿಂದ್ರಿ ಅಂತ ಬರ್ಕೋಬೇಕು. ಎಷ್ಟು ಜನ ಇದೀರಾ?"

"ಮೂರು," ಎಂದೆ. ಅವಳು ಗೋಡೆಯ ಮೇಲಿನ ಹೊಸ ಫೋಟೊ ನೋಡಿದಳು.

"ಸಾರಿ ಆಂಟಿ. ಇವತ್ತು ಇರೋರು ಮಾತ್ರ ಲೆಕ್ಕಕ್ಕೆ. ಎರಡು ಅಂತ ಹಾಕ್ತೀನಿ."

ಅಕ್ಕಿ, ರಾಗಿ, ಬೇಳೆ ಎಲ್ಲ ಸಲೀಸಾಗಿ ಹೋಯಿತು. ಕಾಯಿಗೆ ಬಂದಾಗ ಎಡೆಗೆ ಆರು, ಊಟಕ್ಕೆ ಎಂಬತ್ತು, ಬಂದ ನೆಂಟರು ಇದ್ದ ದಿನಗಳಲ್ಲಿ ಆರು ಎಂದೆ.

"ತೊಂಬತ್ತೆರಡಾ? ಇಬ್ರಿಗಾ?"

"ಊರೋರೆಲ್ಲ ಉಂಡ್ರು ಕಣಮ್ಮ."

"ಅದಕ್ಕೆ ಬೇರೆ ಜಾಗ ಇಲ್ಲ ಆಂಟಿ. ಮನೇಲಿ ಬೇಯ್ಸಿದ್ದು ಮನೆ ಲೆಕ್ಕಕ್ಕೇ." ಅವಳು ಒತ್ತಿದಳು. ಟ್ಯಾಬಿನಲ್ಲಿ ಕೆಂಪು ಅಕ್ಷರ ಬಂತು. "ಜಾಸ್ತಿ ಆಯ್ತು, ಸರೀನಾ ಅಂತ ಕೇಳ್ತಿದೆ."

ಅತ್ತೆ ಮಂಚದ ಮೇಲಿಂದ ಕೂಗಿದರು. "ಸರಿ ಅನ್ನವ್ವ! ಬದುಕಿದ್ದಾಗ ಒಂದೂ ಇಲ್ಲ, ಅದನ್ನೂ ಬರ್ಕೊ!"

ಅದಕ್ಕೂ ಜಾಗವಿರಲಿಲ್ಲ. ಹೀಗೆ ಕಾಯಿಯನ್ನೇ ಬಿಟ್ಟಿದ್ದ ಮನೆ ಸರ್ವೆಯ ಲೆಕ್ಕದಲ್ಲಿ ಕಾಯಿಬಾಕರ ಮನೆಯಾಯಿತು.

"ಹೊರಗಡೆ ಏನಾದ್ರೂ ತಿಂತೀರಾ? ಹೋಟ್ಲು, ಮೆಸ್ಸು?" ಎಂದು ಕೊನೆಗೆ ಕೇಳಿದಳು.

"ಅವರು ತಿಂತಿದ್ರು. ಇಡ್ಲಿ, ಚಟ್ನಿ. ದಿನಾ."

"ಅವರದು ಬರಲ್ಲ ಆಂಟಿ," ಎಂದಳು ಮೆಲ್ಲಗೆ.

ಅವಳು ಹೋದ ಮೇಲೂ ನನ್ನ ಮಾತೇ ಕಿವಿಯಲ್ಲಿ ಉಳಿಯಿತು. ನಾಲ್ಕು ವರ್ಷ ಯಾವುದನ್ನು ಕಳ್ಳತನ ಎಂದು ಹಿಡಿಯಲು ನೋಡಿದೆನೋ ಅದು ನಿಜವಾಗಿರಲಿ ಎಂದು ಈಗ ಆಸೆಯಾಗಿತ್ತು. ದಿನಕ್ಕೊಂದು ಚಮಚವಾದರೂ ಅವರು ತಿಂದಿರಲಿ, ನನಗೆ ಮೋಸ ಮಾಡಿರಲಿ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಯಲಹಂಕದ ಆ ದರ್ಶಿನಿಗೆ ಹೋದೆ. ಫೋನಿನಲ್ಲಿದ್ದ ಫೋಟೊ ತೋರಿಸಿ, ತೀರಿಕೊಂಡರು ಎಂದೆ.

ಗಲ್ಲಾದಲ್ಲಿ ಕೂತಿದ್ದವರು ಎದ್ದು ನಿಂತರು. "ಅಯ್ಯೋ, ಯಾವಾಗಮ್ಮ?"

ಹೇಳಿದೆ. ಆಮೇಲೆ ಕೇಳಿದೆ, "ಚಟ್ನಿ ಹಾಕಿಸ್ಕೋತಿದ್ರಾ?"

"ಎಲ್ಲಿ! ನಾವೇ ರೇಗಿಸ್ತಿದ್ವಿ. 'ಏನ್ ಸಾರ್, ಇಲ್ ಯಾರ್ ನೋಡ್ತಾರೆ, ಒಂದ್ ಸೌಟು ಹಾಕ್ಲಾ' ಅಂತ. 'ಬೇಡ ಗುರು, ಮನೇಲಿ ಬೇಡ ಅಂದವ್ಳೆ' ಅನ್ನೋರು. ಎರಡಿಡ್ಲಿ, ಸಾಂಬಾರು, ಕೊನೇಲಿ ಒಂದ್ ಲೋಟ ಮಜ್ಜಿಗೆ. ಅಷ್ಟೇ."

ಡಾಕ್ಟರು ಹೇಳಿದ್ದು ಕಮ್ಮಿ ಮಾಡಿ ಎಂದು. ಬೇಡ ಎಂದವಳು ನಾನು. ಗಲ್ಲಾದವರು ತಿಂಡಿ ತಿಂದು ಹೋಗಿ ಎಂದರು. ಆಗಲಿಲ್ಲ.

ಮನೆಗೆ ಬಂದಾಗ ಅತ್ತೆ ಜಗಲಿಯ ಮೇಲಿದ್ದರು.

"ಎಲ್ಲೋಗಿದ್ದೆ?"

"ಅವರು ತಿಂಡಿ ತಿಂತಿದ್ದ ಹೋಟ್ಲಿಗೆ."

"ಏನಂದ್ರು?" ಅತ್ತೆಯ ಮುಖ ಚಿಕ್ಕದಾಯಿತು. ಅವರಿಗೂ ಇದೇ ಪ್ರಶ್ನೆ ಇತ್ತೆಂದು ಆಗ ತಿಳಿಯಿತು.

"ದಿನಾ ಚಟ್ನಿ ಅಂತೆ ಅತ್ತೆ. ಎರಡೆರಡು ಸಲ ಹಾಕಿಸ್ಕೋತಿದ್ರಂತೆ."

ಅತ್ತೆ ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಗಲು ಶುರು ಮಾಡಿದರು. "ನಿನ್ ಕಣ್ಗೆ ಮಣ್ಣೆರಚವ್ನೆ ನೋಡು! ನಾಲ್ಕ್ ವರ್ಸ! ನನ್ ಮಗ ಅಂದ್ರೆ ಏನನ್ಕೊಂಡಿದ್ದೆ?" ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹೂಂ ಅತ್ತೆ. ಗೊತ್ತೇ ಆಗ್ಲಿಲ್ಲ ನಂಗೆ."

ಆ ದಿನ ಮಧ್ಯಾಹ್ನ ಅರ್ಧ ಹೋಳು ತುರಿದು ಸಾರು ಮಾಡಿದೆ. ಅತ್ತೆ ಮತ್ತೊಂದು ಸಲ ಹಾಕಿಸಿಕೊಂಡರು, ಮಗ ಹೋದ ಮೇಲೆ ಮೊದಲ ಸಲ. ಈಗ ಅವರು ಜಗಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಈ ಕಥೆ ಹೇಳುತ್ತಾರೆ. ಎರಡು ಸಲದ ಚಟ್ನಿ ಮೂರು ಸಲವಾಗಿದೆ. ಒಳಗೆ ಕಾಯಿ ತುರಿಯುತ್ತ ಕೇಳಿಸಿಕೊಳ್ಳುತ್ತೇನೆ. ತಿದ್ದುವುದಿಲ್ಲ.