ಪ್ಯಾಂಟಕ್ಕನ ಸೊಂಟದ ಅಳತೆ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಪ್ಯಾಂಟಕ್ಕ ಎಂದು. ಗಂಡಸರ ಪ್ಯಾಂಟು ಹೊಲಿಯುವುದು ಅವಳ ಕಸುಬು. ಹೊಲಿದದ್ದನ್ನು ತಾನೂ ತೊಡುವುದು ಅವಳ ಹಟ. ಇಪ್ಪತ್ತೈದು ವರ್ಷದ ಹಿಂದೆ ಅಂಗಡಿ ತೆರೆದಾಗ, ಹೆಂಗಸು ಗಂಡಸರ ಸೊಂಟ ಅಳೆಯುವುದುಂಟೇ ಎಂದು ಎದುರಂಗಡಿಯ ಕ್ಷೌರಿಕ ಮೂಗು ಮುರಿದಿದ್ದ. "ನಿನ್ನ ಕತ್ತಿ ಅವರ ಕುತ್ತಿಗೆಗೆ ಹೋಗ್ಬಹುದು, ನನ್ನ ಟೇಪು ಸೊಂಟಕ್ಕೆ ಹೋದ್ರೆ ನಿಮ್ಮಪ್ಪನ ಗಂಟೇನು ಹೋಯ್ತು?" ಎಂದು ಬಾಯಿ ಮುಚ್ಚಿಸಿದ್ದಳು. ಆರು ತಿಂಗಳಲ್ಲಿ ಅವನೇ ಅಳತೆ ಕೊಡಲು ಬಂದು ನಿಂತ.

ಅವಳ ಅಂಗಡಿಯಲ್ಲಿ ಒಂದು ಕಾನೂನಿತ್ತು. ಪ್ಯಾಂಟಿನ ಹಿಂಬದಿಯ ಹೊಲಿಗೆಯೊಳಗೆ ಎರಡಿಂಚು ಹೆಚ್ಚುವರಿ ಬಟ್ಟೆ ಇರಲೇಬೇಕು. ನಾಳೆ ಹೊಟ್ಟೆ ಬಂದರೆ ಬಿಚ್ಚಿ ಸಡಿಲಿಸಬಹುದು. "ಮಾರ್ಜಿನ್ ಕತ್ತರಿಸೋನು ಟೈಲರೇ ಅಲ್ಲ, ಕಟುಕ," ಎಂದು ಗುಂಡಿ ಹಾಕುವ ತಂಗಿಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಹತ್ತು ವರ್ಷದಿಂದ ಅವಳಿಗೆ ಬಿಪಿ. ಮಾತ್ರೆ ಒಂದು ದಿನವೂ ತಪ್ಪಿಸಿದವಳಲ್ಲ. ನುಂಗಿದ ಮೇಲೆ ಬಿಪಿಯ ಕಥೆ ಮುಗಿಯಿತೆಂದು, ಕುರ್ಚಿ ಬಿಟ್ಟೇಳದೆ ದಿನಕ್ಕೆ ಆರು ಲೋಟ ಸಕ್ಕರೆ ಚಹಾ, ಜೊತೆಗೆ ಬಿಸ್ಕತ್ತು. ಈ ವರ್ಷ ಕಾಲು ಊದಿಕೊಂಡಾಗ ತಂಗಿ ಗೋಗರೆದು ಡಾಕ್ಟರಮ್ಮನ ಬಳಿಗೆ ಎಳೆದೊಯ್ದಳು.

"ಮೂತ್ರದಲ್ಲಿ ಪ್ರೋಟೀನ್ ಸೋರ್ತಿದೆ. ಕಿಡ್ನಿಗೆ ಪೆಟ್ಟು ಬಿದ್ದಿದೆ," ಎಂದರು ಡಾಕ್ಟರಮ್ಮ ರಿಪೋರ್ಟು ನೋಡಿ.

"ಬಿಪಿ ಮಾತ್ರೆ ತಗೋತೀನಲ್ಲ!"

"ಮುಂಬಾಗಿಲಿಗೆ ಬೀಗ ಹಾಕಿದ್ದೀರಿ, ಹಿತ್ತಲ ಬಾಗಿಲು ತೆರೆದೇ ಇದೆ. ಸಕ್ಕರೆ ಏರಿದೆ, ರಕ್ತದಲ್ಲಿ ಕೊಬ್ಬು ಏರಿದೆ, ಯೂರಿಕ್ ಆಸಿಡ್ಡೂ ಏರಿದೆ. ಸೊಂಟಾನೂ ದಪ್ಪ ಆಗಿದೆ. ಬಿಪಿ ಜೊತೆ ಇವೆಲ್ಲ ಸೇರ್ಕೊಂಡ್ರೆ ಕಿಡ್ನಿಗೆ ಅಪಾಯ ಜಾಸ್ತಿ. ಹೀಗೇ ಬಿಟ್ರೆ ಮುಂದೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಿಷನ್ನಿನ ಪಕ್ಕ ಮಲಗ್ಬೇಕಾಗಬಹುದು."

ಹೆದರಿದಾಗಲೇ ಪ್ಯಾಂಟಕ್ಕನ ದನಿ ಏರುವುದು. "ಸೊಂಟದ ಮಾತು ನನ್ಹತ್ರ ಆಡ್ಬೇಡಿ! ಈ ಪ್ಯಾಂಟು ಹೊಲಿದು ಎಂಟು ವರ್ಷ ಆಯ್ತು. ಇವತ್ತಿಗೂ ಸರಿಯಾಗಿ ಕೂತಿದೆ, ನೋಡಿ!"

ತಂಗಿಗೆ ತಡೆಯಲಾಗಲಿಲ್ಲ. "ಅಕ್ಕಾ, ವರ್ಷ ವರ್ಷ ಅದನ್ನ ಬಿಚ್ಚಿ ಸಡಿಲ ಮಾಡ್ತಿರೋದು ಯಾರು?"

ಅಂಗಡಿಗೆ ಬಂದವಳೇ ಪ್ಯಾಂಟಕ್ಕ ಬಟ್ಟೆ ಬದಲಿಸಿ, ಆ ಪ್ಯಾಂಟನ್ನು ಒಳಹೊರಗು ಮಾಡಿ ಬೆಳಕಿಗೆ ಹಿಡಿದಳು. ಬಿಚ್ಚಿದ ಹೊಲಿಗೆಗಳ ಸೂಜಿತೂತುಗಳು ಸಾಲುಸಾಲಾಗಿ ಕಂಡವು. ಏಳು ಸಾಲು. ಈಗಿನ ಹೊಲಿಗೆಯ ಆಚೆ ಬಿಚ್ಚಲು ಬಟ್ಟೆಯೇ ಉಳಿದಿರಲಿಲ್ಲ. ಊರವರ ಸೊಂಟವನ್ನೆಲ್ಲ ಅಳೆದವಳು ತನ್ನದಕ್ಕೆ ಟೇಪು ಹಿಡಿದೇ ಇರಲಿಲ್ಲ. ನಾಚಿಕೆಯಾಯಿತು, ಹಿಂದೆಯೇ ಸಿಟ್ಟೂ ಬಂತು.

"ನನಗೆ ಗೊತ್ತಿರೋದು ಒಂದೇ ಮಿಷನ್ನು," ಎಂದಳು ತನ್ನ ಹೊಲಿಗೆ ಯಂತ್ರವನ್ನು ತಟ್ಟಿ. "ಇನ್ನೊಂದರ ಪಕ್ಕ ನಾನು ಮಲಗಲ್ಲ. ಅದೇನಾಗುತ್ತೋ ನೋಡೇಬಿಡ್ತೀನಿ!"

ಡಾಕ್ಟರಮ್ಮ ಕೊಟ್ಟ ಹೊಸ ಮಾತ್ರೆ ಶುರುವಾಯಿತು. ಚಹಾದಿಂದ ಸಕ್ಕರೆ ಹೋಯಿತು. "ಥೂ, ಪಾತ್ರೆ ತೊಳೆದ ನೀರು!" ಎಂದು ಬೈಯುತ್ತಲೇ ಕುಡಿದಳು. ಹೊಲಿದ ಪ್ಯಾಂಟುಗಳನ್ನು ಗಿರಾಕಿಗಳ ಮನೆಗೆ ತಾನೇ ನಡೆದು ಮುಟ್ಟಿಸತೊಡಗಿದಳು.

"ಏನಕ್ಕಾ, ಅಂಗಡೀನೇ ಹೊತ್ಕೊಂಡು ಹೊರಟೆ?" ಎಂದು ಕ್ಷೌರಿಕ ನಕ್ಕ.

"ನಿಂಗೂ ಬಿಪಿ ಅಲ್ವಾ? ಬಾ ಇಲ್ಲಿ, ಮೊದಲು ನಿನ್ನ ಹೊಟ್ಟೆ ಅಳೀತೀನಿ!" ಎಂದು ಟೇಪು ಬೀಸಿದಳು. ಅವನು ಒಳಗೆ ಓಡಿದ.

ಎಂಟು ತಿಂಗಳ ಮೇಲೆ ಡಾಕ್ಟರಮ್ಮ ಹೊಸ ರಿಪೋರ್ಟು ನೋಡಿದರು. "ಪ್ರೋಟೀನ್ ಸೋರೋದು ಕಡಿಮೆ ಆಗಿದೆ. ಆದ್ರೆ ಹಾಳಾದ ಭಾಗ ವಾಪಸ್ ಬರಲ್ಲ. ಉಳಿದದ್ದನ್ನ ಕಾಪಾಡ್ಕೊಳ್ಳಿ."

ಅಂದು ಸಂಜೆ ಪ್ಯಾಂಟಕ್ಕ ತನ್ನ ಸೊಂಟ ಅಳೆದುಕೊಂಡು, ಪ್ಯಾಂಟಿಗೆ ನಾಲ್ಕನೇ ಸಾಲಿನ ಮೇಲೆ ಹೊಲಿಗೆ ಹಾಕಿದಳು. ಆಮೇಲೆ ದೊಡ್ಡ ಕತ್ತರಿ ಎತ್ತಿಕೊಂಡಳು.

"ಅಯ್ಯೋ ಅಕ್ಕಾ, ಮಾರ್ಜಿನ್ನು!" ತಂಗಿ ಕೈ ಹಿಡಿದಳು. "ಮತ್ತೆ ಹೊಟ್ಟೆ ಬಂದ್ರೆ?"

"ಎಲ್ಲಿಗೆ ಬರುತ್ತೆ? ಜಾಗಾನೇ ಇಲ್ಲ," ಎಂದು ಪ್ಯಾಂಟಕ್ಕ ಹೆಚ್ಚುವರಿ ಬಟ್ಟೆಯನ್ನು ಕತ್ತರಿಸಿ ನೆಲಕ್ಕೆ ಹಾಕಿದಳು.