ಜೋಮು ಹಿಡಿದ ಬೆರಳು

ಹಲಗೇರಿಯಲ್ಲಿ ಟೊಮ್ಯಾಟೊ ಬೀಜದ ಪ್ಲಾಟು ಮಾಡುವವರು ಯಾರೇ ಇರಲಿ, ಮೊದಲು ಕೇಳುವುದು ಒಂದೇ ಮಾತು: ದುರಗವ್ವ ಬರ್ತಾಳೇನು? ಹತ್ತೊಂಬತ್ತು ವರ್ಷದಿಂದ ಆಕೆಯದು ಕ್ರಾಸಿಂಗ್ ಕೆಲಸ. ನಾಳೆ ಅರಳಲಿರುವ ಮೊಗ್ಗನ್ನು ಇಂದೇ ಎರಡು ಬೆರಳಲ್ಲಿ ಹಿಡಿದು, ಚಿಮಟದಿಂದ ಒಳಗಿನ ಹಳದಿ ಕೇಸರವನ್ನಷ್ಟೇ ಕಿತ್ತು ತೆಗೆಯಬೇಕು. ಮರುದಿನ ಅದಕ್ಕೆ ಬೇರೆ ತಳಿಯ ಗಂಡು ಹೂವಿನ ಪುಡಿ ಮುಟ್ಟಿಸಬೇಕು. ಕೇಸರದ ಒಂದು ಚೂರು ಉಳಿದರೂ ಹೂವು ತನ್ನ ಪುಡಿಯಲ್ಲೇ ಕಾಯಿ ಕಟ್ಟುತ್ತದೆ, ಬೀಜ ಕೆಡುತ್ತದೆ. ಬರೀ ಕಣ್ಣಿದ್ದರೆ ಸಾಲದು, ಬೆರಳಿಗೆ ತಿಳಿಯಬೇಕು. ದುರಗವ್ವನ ಬೆರಳಿಗೆ ತಿಳಿಯುತ್ತಿತ್ತು. ಅದರ ಜಂಬವೂ ಆಕೆಗೆ ಇತ್ತು ಬಿಡಿ; ಕೈಯಲ್ಲಿ ಕಸುಬು ಇದ್ದವರಿಗೆ ಅಷ್ಟು ಜಂಬ ಇರದಿದ್ದರೆ ಹೇಗೆ?

ಹೋದ ವರ್ಷ ಗೋಣೆಪ್ಪನ ಪ್ಲಾಟಿನ ಬೀಜ ಕಂಪನಿಯ ಪರೀಕ್ಷೆಯಲ್ಲಿ ಫೇಲಾಗಿ ವಾಪಸು ಬಂತು. ಎಂಟು ಹೆಂಗಸರು ದುಡಿದಿದ್ದರು, ಬೀಜವೆಲ್ಲ ಒಟ್ಟಿಗೇ ಸೇರಿತ್ತು, ಯಾರ ತಪ್ಪೆಂದು ಹೇಳುವುದು? ಗೋಣೆಪ್ಪ ಹಿರಿಯಳೆಂದು ದುರಗವ್ವನನ್ನೇ ಕೇಳಿದ.

“ಶ್ರೀದೇವಿ ಕೈ ಇನ್ನೂ ಪಳಗಿಲ್ರಿ,” ಎಂದಳು ಆಕೆ. ಯೋಚಿಸಿ ಆಡಿದ ಮಾತಲ್ಲ. ತನ್ನಿಂದಲೇ ತಪ್ಪಾಗಿರಬಹುದೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಶ್ರೀದೇವಿ ಅದೇ ಓಣಿಯ ಹೆಣ್ಣುಮಗಳು, ದುರಗವ್ವನೇ ಕೈಹಿಡಿದು ಕಲಿಸಿದವಳು. ಆ ಮಾತಿನ ಮೇಲೆ ಅವಳನ್ನು ಯಾವ ಪ್ಲಾಟಿನವರೂ ಕರೆಯಲಿಲ್ಲ. ಈಗ ದಿನಾ ಬಸ್ಸು ಹತ್ತಿ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾಳೆ.

ಈ ವರ್ಷ ಕೆಲಸ ಶುರುವಾಗುವ ಮುಂಚೆ ರಾಣೆಬೆನ್ನೂರಿನ ಬಸ್ ನಿಲ್ದಾಣದಲ್ಲಿ ದುರಗವ್ವನ ಒಂದು ಚಪ್ಪಲಿ ಕಳಚಿ ಬಿತ್ತು. ಆಕೆಗೆ ಗೊತ್ತೇ ಆಗಲಿಲ್ಲ. ಹಾಗೇ ಸಂತೆಯ ತನಕ ನಡೆದಿದ್ದಳು, ನೋಡಿದವರು ನಕ್ಕರು. ಅಂಗಾಲಿಗೆ ಗಾಜು ಚುಚ್ಚಿ ರಕ್ತ ಬಂದಿತ್ತು, ನೋವು ಮಾತ್ರ ಇರಲಿಲ್ಲ. ಅದಕ್ಕೇ ಆಕೆ ಹೆದರಿದಳು. ದವಾಖಾನೆಯ ಡಾಕ್ಟರು ಗಾಯ ಕಟ್ಟಿ, ಕೈ ಚಾಚಿಸಿ, ಕಣ್ಣು ಮುಚ್ಚಿಸಿದರು.

“ಬೆರಳಿಗೆ ಹತ್ತಿ ಮುಟ್ಟಸ್ತೇನಿ. ಮುಟ್ಟಿದ ಕೂಡ್ಲೆ ಹೂಂ ಅನ್ರಿ.”

ದುರಗವ್ವ ಕಾಯುತ್ತ ಕೂತಳು. ಬಹಳ ಹೊತ್ತಾದ ಮೇಲೆ, “ಯಾವಾಗ ಮುಟ್ಟಸ್ತೀರಿ?” ಎಂದು ಕೇಳಿದಳು. ಅವರು ಐದೂ ಬೆರಳಿಗೆ ಮುಟ್ಟಿಸಿ ಮುಗಿಸಿದ್ದರು.

ರಕ್ತ ಕೊಟ್ಟು ಬಂದಳು. ಮರುದಿನ ವರದಿಯಲ್ಲಿ ವಿಟಮಿನ್ ಬಿ ಹನ್ನೆರಡು ತಳ ಕಂಡಿತ್ತು, ಡಿ ಕೂಡ ಕಡಿಮೆ.

“ದಿನಾ ಹೊಲದಾಗ ಇರ್ತೇನಿ, ನನಗ ಬಿಸಲ ಕಡಿಮಿ ಏನ್ರಿ?”

“ಪ್ಲಾಟಿನ ನೆರಳ ಪರದೆ ಒಳಗ ಕೆಲಸ, ತಲಿಗೆ ಬಟ್ಟಿ, ತೋಳತುಂಬ ಅಂಗಿ. ಬಿಸಲ ಎಲ್ಲಿ ಹತ್ತಬೇಕು? ಮಾಂಸ, ತತ್ತಿ ತಿಂತೀರೇನು?”

“ಬಿಟ್ಟು ಹತ್ತ ವರ್ಷ ಆತ್ರಿ. ಮೈಲಾರಲಿಂಗಗ ಹರಕಿ ಹೊತ್ತಿದ್ದೆ.”

“ಹಾಲು?”

“ಎಮ್ಮಿ ಐತ್ರಿ,” ಎಂದು ತಡೆದಳು. ಹಾಲು ಹನಿ ಉಳಿಯದಂತೆ ಡೇರಿಗೆ ಹೋಗುತ್ತಿತ್ತು.

“ಇದು ಇವತ್ತಿಂದಲ್ಲ,” ಎಂದರು ಡಾಕ್ಟರು. “ಒಂದೆರಡು ವರ್ಷದಿಂದ ಬೆರಳಿಗೆ ಜೋಮು ಏರಕೊಂತ ಬಂದಿರಬೇಕು. ಸೂಜಿ ಮಾಡಿಸ್ಕೋರಿ, ಸುಧಾರಿಸತೈತಿ. ಪೂರ್ತಿ ಮೊದಲಿನಂಗ ಆಗತೈತಿ ಅಂತ ಹೇಳಾಕ ಬರಂಗಿಲ್ಲ.”

ಒಂದೆರಡು ವರ್ಷ ಎಂಬ ಮಾತಿಗೆ ಆಕೆಗೆ ಗೋಣೆಪ್ಪನ ಪ್ಲಾಟು ನೆನಪಾಯಿತು. ಹೋದ ವರ್ಷ ಚಿಮಟ ಜಾರುತ್ತಿತ್ತು, ಬೆವರೆಂದುಕೊಂಡಿದ್ದಳು. ಮೊಗ್ಗು ಹಿಡಿದರೆ ಹಿಡಿದಂತೆಯೇ ಅನ್ನಿಸುತ್ತಿರಲಿಲ್ಲ, ವಯಸ್ಸೆಂದುಕೊಂಡಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಳೆದವಳು ತಾನೇ. ಬಸ್ಸಿನಲ್ಲಿ ಕೂತು ಹಲಗೇರಿ ಬರುವ ತನಕ ತನ್ನೊಡನೆ ತಾನೇ ವಾದ ಹೂಡಿದಳು: ಶ್ರೀದೇವಿಯದೂ ತಪ್ಪಿದ್ದೀತು, ಯಾರು ಕಂಡವರು? ಬಾಯಿಬಿಟ್ಟರೆ ನಾಳೆ ನನ್ನನ್ನು ಯಾರು ಕರೆದಾರು? ವರದಿಯನ್ನು ಒಲೆಗೆ ಹಾಕಿದರೆ ಮುಗಿಯಿತು. ಆದರೂ ಸಂಜೆ ಬ್ಯಾಡಗಿಯಿಂದ ಬರುವವರ ಬಸ್ಸು ಬಂದ ಮೇಲೆ ಆಕೆ ವರದಿ ಹಿಡಿದು ಶ್ರೀದೇವಿಯ ಮನೆಗೆ ನಡೆದಳು.

ಶ್ರೀದೇವಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಬೆರಳುಗಳು ಕೆಂಪಗೆ ಬಾತಿದ್ದವು.

“ಭಾಳ ಉರಿತಾವೇನ?”

“ದಿನಾ ಇದ್ದದ್ದ ಬಿಡ, ದೊಡ್ಡವ್ವ. ಕುಂದ್ರು.”

ದುರಗವ್ವ ಕೂರಲಿಲ್ಲ. ಕಾಗದ ಮುಂದೆ ಹಿಡಿದು ಒಂದೇ ಉಸಿರಿಗೆ ಹೇಳಿದಳು: “ನನ್ನ ಬೆರಳು ಸತ್ತು ಎರಡು ವರ್ಷ ಆತಂತ. ಹೋದ ವರ್ಷ ಬೀಜ ಕೆಡಿಸಿದಾಕಿ ನಾನ. ಹೊರಿಸಿದ್ದು ನಿನ್ನ ಮ್ಯಾಲ.”

ಶ್ರೀದೇವಿ ಕಾಗದ ಮುಟ್ಟಲಿಲ್ಲ, ಎಣ್ಣೆ ಹತ್ತೀತೆಂದು.

“ನನಗ ಗೊತ್ತಿತ್ತು,” ಎಂದಳು. “ನೀ ಕೇಸರ ತಗದ ಹೂವಿಗೆ ಮರುದಿನ ಪುಡಿ ಮುಟ್ಟಸ್ತಿದ್ದಾಕಿ ನಾನ ಅಲ್ಲೇನು? ಚೂರು ಉಳದದ್ದು ಕಾಣತಿತ್ತು. ಕಂಡಷ್ಟು ನಾನ ತಗದೆ. ಎಲ್ಲಾ ತಗಿಯಾಕ ಆಗಲಿಲ್ಲ.”

“ಗೋಣೆಪ್ಪನ ಮುಂದ ಯಾಕ ಹೇಳಲಿಲ್ಲ?”

“ನನಗ ಕಲಿಸಿದಾಕಿ ನೀನು. ನೀನ ಹೇಳ್ತಿ ಅಂತ ಕಾದೆ.”

ದುರಗವ್ವ ಆ ಕೆಂಪು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಣ್ಣೆಯ ಜಿಡ್ಡು ತಿಳಿಯಲಿಲ್ಲ, ಬಿಸಿಯೂ ತಿಳಿಯಲಿಲ್ಲ. ಆಮೇಲೆ ಬಗ್ಗಿ ನೋಡಿ, ಚಪ್ಪಲಿ ಕಾಲಲ್ಲಿ ಇದೆಯೆಂದು ಖಾತ್ರಿ ಮಾಡಿಕೊಂಡಳು.

“ಏಳು. ಗೋಣೆಪ್ಪನ ಮನಿಗೆ ಹೋಗೂಣು.”

“ತಡಿ, ಕೈ ತೊಳಕೊಂಡು ಬರ್ತೇನಿ.”

“ಬ್ಯಾಡ, ಹಂಗ ಬಾ,” ಎಂದಳು ದುರಗವ್ವ. “ಈ ಕೈ ಅವನೂ ನೋಡ್ಲಿ.”