ಅರ್ಧ ಬೆರಳಿನ ದಾರಿ

ದರ್ಜಿ ಕಾಕಾನ ಕೊರಳಲ್ಲಿದ್ದ ಅಳತೆಯ ಟೇಪಿನಲ್ಲಿ ಒಂದು, ಎರಡು, ಮೂರು ಅಳಿಸಿಹೋಗಿದ್ದವು. ಹೆಬ್ಬೆರಳು ಉಜ್ಜಿ ಉಜ್ಜಿ ಆ ಜಾಗ ಬೆಳ್ಳಗಾಗಿತ್ತು. ಅದಕ್ಕೇ ನಾಲ್ಕರಿಂದ ಹಿಡಿದು ಅಳೆದು, ಕೊನೆಗೆ ನಾಲ್ಕು ಕಳೆಯುತ್ತಿದ್ದರು. ಎಷ್ಟೋ ಸಲ ಕಳೆಯುವುದನ್ನೇ ಮರೆಯುತ್ತಿದ್ದರು. ನನ್ನ ಜಂಪರು ಜೋಳದ ಚೀಲದಂತಾಯಿತು ಎಂದು ಜಗಳಕ್ಕೆ ಹೋದರೆ, "ತಂಗೆವ್ವಾ, ಚಲೋತ್ನಂಗ ಉಣ್ಣು. ತಾನ ತುಂಬತೈತಿ," ಎನ್ನುತ್ತಿದ್ದರು. ಉಂಡೆ. ತುಂಬಿತು. ಆಮೇಲೆ ಅವರು ಹಳೆಯ ಅಳತೆಯಿಂದಲೇ ಮರೆಯದೆ ಕಳೆಯತೊಡಗಿದರು, ಉಸಿರಾಡಲು ಆಗದಾಯಿತು.

ಗೋಕಾಕದ ನಮ್ಮ ಓಣಿಯಲ್ಲಿ ಅವರ ಅಂಗಡಿ ನಮ್ಮ ಬಾಗಿಲಿಂದ ಹನ್ನೆರಡು ಹೆಜ್ಜೆ. ನಾಗನೂರಿನಿಂದ ಸೊಸೆಯಾಗಿ ಬಂದ ನನಗೆ ಹೊಲಿಗೆ ಕಲಿಸಿದವರು ಅವರೇ.

ನನ್ನ ಮೊಮ್ಮಗಳು ಕುಸ್ತಿ ಹಿಡಿಯುತ್ತಾಳೆ. ಹೋದ ವರ್ಷ ತಂಡದ ಜೊತೆ ದಕ್ಷಿಣ ಅಮೆರಿಕಕ್ಕೆ ಹೋಗಿದ್ದಳು. ಒಂದು ಬೆಳಿಗ್ಗೆ ಆರೂವರೆಗೆ ಫೋನು: "ಅಜ್ಜಿ, ಸ್ಯಾಂಟಿಯಾಗೊದಿಂದ ಮೆಂಡೋಸಾಕ್ಕ ವಿಮಾನದಾಗ ಸೀಟ ಸಿಗಲಿಲ್ಲ. ಬಸ್ಸಿಗೆ ಹೊಂಟೇವಿ. ಮುಟ್ಟಿದ ಕೂಡ್ಲೆ ಫೋನ್ ಮಾಡ್ತೀನಿ." ಅಲ್ಲಿ ಆಗ ಹಿಂದಿನ ದಿನದ ರಾತ್ರಿ ಹತ್ತಂತೆ. ನಿನ್ನೆಯಲ್ಲಿರುವವಳು ಇವತ್ತಿನಲ್ಲಿರುವ ನನ್ನ ಜೊತೆ ಹೇಗೆ ಮಾತಾಡಿದಳೋ, ಇನ್ನೂ ತಿಳಿದಿಲ್ಲ.

ಆಗಷ್ಟೇ ಫೋನಿನಲ್ಲಿ ಟೈಪ್ ಮಾಡಲು ಕಲಿತಿದ್ದೆ. ಆ ಎರಡು ಊರುಗಳ ನಡುವೆ ಎಷ್ಟು ದೂರ ಎಂದು ಒಂದೇ ಬೆರಳಲ್ಲಿ ಕುಟ್ಟಿ ಕೇಳಿದೆ. ಸುಮಾರು ಇನ್ನೂರು ಕಿಲೋಮೀಟರು, ವಿಮಾನಕ್ಕೆ ಒಂದು ತಾಸೂ ಬೇಡ ಎಂದಿತು. ನಮ್ಮ ಬಸ್ಸಿಗೇ ಐದು ತಾಸು ಸಾಕಲ್ಲ! ಹನ್ನೆರಡಾಯಿತು, ಒಂದಾಯಿತು. ಅವಳ ಫೋನು ಹತ್ತಲಿಲ್ಲ. ಅವಳ ಹಳೆಯ ಅಟ್ಲಾಸ್ ಹಿಡಿದು ಅಂಗಡಿಗೆ ಓಡಿ ಎಲ್ಲ ಹೇಳಿದೆ.

ಕಾಕಾ ನಕಾಶೆಯ ಮೇಲೆ ಟೇಪು ಇಟ್ಟರು. "ಅರ್ಧ ಬೆರಳೂ ಇಲ್ಲ. ಇಲ್ಲೇ ಬಾಜೂಕಿನ ಹುಕ್ಕೇರಿಗೆ ಹೋಗಿ ಬಂದಂಗ."

"ನಾಲ್ಕು ಕಳದೀರೇನ್ರಿ?"

"ಕಳದ್ರ ಊರ ಉಳಿಯಂಗಿಲ್ಲ."

ನನಗೆ ನಗು ಬರಲಿಲ್ಲ. ಅವರು ಕನ್ನಡಕ ಏರಿಸಿ, ಎರಡು ಊರುಗಳ ನಡುವಿನ ಕಂದು ಪಟ್ಟಿ ನೋಡಿದರು.

"ಇದೇನ?"

"ಗುಡ್ಡ ಇರಬೇಕ್ರಿ."

ಕಾಕಾ ಒಂದು ಲಂಗದ ಬಟ್ಟೆ ಎಳೆದು, ಸೀಮೆಸುಣ್ಣದಿಂದ ದೂರ ದೂರ ಎರಡು ಗುರುತು ಹಾಕಿದರು. ನಡುವಿನ ಬಟ್ಟೆಗೆ ನಿರಿಗೆ ಹಿಡಿಯುತ್ತ ಹೋದರು. ಗುರುತುಗಳು ಹತ್ತಿರ ಬಂದು ಕೂತವು.

"ನಿನ್ನ ಫೋನು ಹೇಳಿದ್ದು ಇಷ್ಟ. ವಿಮಾನ ನಿರಿಗಿ ಮ್ಯಾಲಿಂದ ಹಾರತೈತಿ. ಬಸ್ಸು ಒಂದೊಂದ ನಿರಿಗಿ ಇಳದು ಏರಬೇಕು. ಹುಡುಗಿ ಯಾವುದೋ ನಿರಿಗ್ಯಾಗ ಅದಾಳ, ತಂಗೆವ್ವಾ. ಬರ್ತಾಳ."

"ಖರೇನ್ರಿ?"

"ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ಲ. ಆದ್ರ ಬಟ್ಟಿ ಸುಳ್ಳ ಹೇಳಂಗಿಲ್ಲ."

ಮಿಷಿನ್ ತುಳಿಯಲಿಲ್ಲ. ಗಿರಾಕಿಗಳನ್ನು ನಾಳೆ ಬರ್ರಿ ಎಂದು ಕಳಿಸಿದರು. ನಿರಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಹಾಗೇ ಕೂತರು. ಮೂರಕ್ಕೆ ಫೋನು ಬಂತು. "ಅಜ್ಜಿ, ಗುಡ್ಡದ ಮ್ಯಾಲ ಎರಡು ದೇಶದ ಗಡಿಯಾಗ ಎಲ್ಲಾರನ್ನೂ ಇಳಿಸಿ ಚೀಲ ತಪಾಸ ಮಾಡಿದ್ರು. ಫೋನ್ ಹತ್ತತಿರಲಿಲ್ಲ. ಈಗ ಮುಟ್ಟೇವಿ."

ಆಗ ಕಾಕಾ ಮುಷ್ಟಿ ಬಿಚ್ಚಿದರು. ಬೆರಳುಗಳು ನೆಟ್ಟಗಾಗಲು ಹೊತ್ತು ಹಿಡಿಯಿತು.

ಈ ವರ್ಷ ಕಾಕಾ ತೀರಿಹೋದರು. ಅವರ ಮಗಳು ಆ ಟೇಪನ್ನು ನನಗೆ ಕೊಟ್ಟಳು. ಮೊಮ್ಮಗಳ ಅಂಗಿಗೆ ನಾನೂ ನಾಲ್ಕರಿಂದಲೇ ಹಿಡಿಯುತ್ತೇನೆ. ಒಮ್ಮೊಮ್ಮೆ ಬೇಕೆಂದೇ ಕಳೆಯುವುದನ್ನು ಮರೆತು, ಉಣ್ಣು ಎನ್ನುತ್ತೇನೆ.

ಎದುರಿನ ಅಂಗಡಿಗೆ ಬೀಗ. ಹನ್ನೆರಡೇ ಹೆಜ್ಜೆ. ದಿನಾ ಹೊರಡುತ್ತೇನೆ, ಇನ್ನೂ ಮುಟ್ಟಿಲ್ಲ. ನಡುವೆ ಎಲ್ಲಿ ನಿರಿಗೆ ಬಿದ್ದಿದೆಯೋ, ತಿಳಿಯುತ್ತಿಲ್ಲ.